ಮೂರು ಬೈ ನಾಲ್ಕು

ಫ್ಲೆಕ್ಸ್ ಅಂಗಡಿಯ ಹುಡುಗ ಮೌಸ್ ಬಿಟ್ಟು ನನ್ನತ್ತ ತಿರುಗಿದ. "ಏನ್ ಮೇಡಂ ಇದು, ಒಂದೂ ಮುಖ ಇಲ್ವಲ್ಲ?"

ಪರದೆಯ ಮೇಲಿದ್ದದ್ದು ವಿಜ್ಞಾನ ಸಭೆಯೊಂದಕ್ಕೆ ನನ್ನ ವಿದ್ಯಾರ್ಥಿನಿ ಮಾಡಿದ ಪೋಸ್ಟರ್, ರಾಗಿಯ ಬೆಂಕಿರೋಗದ ಮೇಲೆ. ಅದಕ್ಕೆ ಮುಂಚೆ ಅವನು ತಿದ್ದುತ್ತಿದ್ದದ್ದು ಒಬ್ಬ ಮರಿ ಪುಢಾರಿಯ ಹುಟ್ಟುಹಬ್ಬ: ನಟ್ಟನಡುವೆ ಕೈಮುಗಿದ ದೊಡ್ಡ ಮುಖ, ಸುತ್ತ ಅಂಚೆಚೀಟಿಯಷ್ಟಷ್ಟೇ ಶುಭ ಕೋರುವವರು. ಆಗ ನಕ್ಕುಬಿಟ್ಟೆ. ಮನೆಗೆ ಬರುವಷ್ಟರಲ್ಲಿ ಅವನು ಹೇಳಿದ್ದೇ ಸರಿ ಅನ್ನಿಸತೊಡಗಿತ್ತು.

2019ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಸಂಶೋಧನೆ ಮಾಡುತ್ತಿದ್ದ ಮೈಕ್ ಮಾರಿಸನ್ ಒಂದು ಕಾರ್ಟೂನ್ ವಿಡಿಯೊ ಮಾಡಿ ಸಂಶೋಧನೆಯ ಪೋಸ್ಟರುಗಳ ಬಗ್ಗೆ ಇದನ್ನೇ ಹೇಳಿದ್ದ. ಕಂಡುಕೊಂಡದ್ದನ್ನು ಒಂದೇ ವಾಕ್ಯದಲ್ಲಿ ನಡುವೆ ದಪ್ಪಗೆ ಬರಿ, ಮಿಕ್ಕಿದ್ದನ್ನು ಪಕ್ಕಕ್ಕೆ ತಳ್ಳು, ಪೂರ್ತಿ ಬೇಕಾದವರಿಗೆ ಕ್ಯೂಆರ್ ಕೋಡ್ ಕೊಡು. ಬರೀ ವಾಕ್ಯ ನನಗೆ ರುಚಿಸುವುದಿಲ್ಲ, ಡಂಗುರ ಹೊಡೆದಂತಿರುತ್ತದೆ. ನನಗೆ ಚಿತ್ರ ಬೇಕು. ಅವತ್ತು ರಾತ್ರಿ ಕತ್ತು ಕಪ್ಪಾಗಿ ಮುರಿದು ಜೋತ ಒಂದು ತೆನೆಯ ಫೋಟೊ ಸಿಕ್ಕಿತು. ಅದೇ ಮುಖವಾಯಿತು.

ಆಮೇಲಿನದು ಕಳೆಯುವ ಸುಖ. ಹನ್ನೆರಡು ಪುಟದ ಪ್ರಬಂಧ ಎ ಜೀರೊ ಹಾಳೆಗೆ, ಅಂದರೆ 841 ಮಿಲಿಮೀಟರ್ ಅಗಲ, 1189 ಎತ್ತರಕ್ಕೆ ಇಳಿಯಬೇಕು. ಅಂಗಡಿಯವರ ಬಾಯಲ್ಲಿ ಇದು ಅಡಿ ಲೆಕ್ಕದ 'ಮೂರು ಬೈ ನಾಲ್ಕು'. ಪೀಠಿಕೆ ಮೂರು ಸಾಲಿಗೆ ಬಂತು. ಇಪ್ಪತ್ತು ಸಾಲಿನ ಕೋಷ್ಟಕ ಐದು ಕಂಬಗಳಾಯಿತು. "ಅದೊಂದು ಇರಲಿ ಮೇಡಂ, ಎರಡು ಮಳೆಗಾಲ ಅಳೆದದ್ದು" ಎಂದು ಹುಡುಗಿ ಅಂಗಲಾಚಿದಳು. ಒಪ್ಪಲಿಲ್ಲ. ಅಳೆದದ್ದೆಲ್ಲ ಪ್ರಬಂಧದಲ್ಲಿ ಭದ್ರವಾಗಿದೆಯಲ್ಲ. ರೋಗಕ್ಕೆ ಕೆಂಪು, ಆರೋಗ್ಯಕ್ಕೆ ಹಸಿರು ಅಂತಿದ್ದದ್ದನ್ನು ಕಿತ್ತಳೆ, ನೀಲಿ ಮಾಡಿದೆವು; ಕೆಂಪು-ಹಸಿರಿನ ಭೇದ ಕಾಣದ ಕಣ್ಣುಗಳೂ ಸಭೆಗೆ ಬರುತ್ತವೆ.

ಸ್ಲೈಡೂ ಮಾಡುತ್ತೇನೆ, ಆದರೆ ಅದು ಸುಲಭದ ಕೆಲಸ. ಯಾವುದರ ಹಿಂದೆ ಯಾವುದು ಎನ್ನುವ ಲಗಾಮು ನಮ್ಮ ಕೈಯಲ್ಲೇ ಇರುತ್ತದೆ, ಜನವೂ ಕೂತಿರುತ್ತಾರೆ. ಪೋಸ್ಟರ್ ಹಾಗಲ್ಲ, ಜಾತ್ರೆಯ ಅಂಗಡಿ. ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಬಿಸ್ಕತ್ತು ಹಿಡಿದು ದಾಟಿಹೋಗುವ ಪ್ರೊಫೆಸರರ ಕಾಲು ತಡೆಯಬೇಕು.

ಮರುದಿನ ಹುಡುಗ ತೆನೆಯನ್ನೇ ನೋಡುತ್ತ ನಿಂತ. "ನಮ್ಮೂರಲ್ಲೂ ಹಿಂಗೇ ಆಯ್ತು ಮೇಡಂ, ಕಾಳೇ ಕಟ್ಲಿಲ್ಲ." ಆಮೇಲೆ, "ಎಲೆ ಹಸಿರು ಸ್ವಲ್ಪ ಎಬ್ಬಿಸ್ಲಾ? ಪ್ರಿಂಟಲ್ಲಿ ಮಂಕಾಗುತ್ತೆ." ಎಬ್ಬಿಸಿದ. ಪರದೆಯ ಬೆಳಕಿನ ಹಸಿರು ಶಾಯಿಗೆ ಇಳಿಯುವಾಗ ಸೊರಗುತ್ತದೆ ಎನ್ನುವುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಸಭೆ ಮುಗಿದು ಬಂದ ಆ ಪೋಸ್ಟರ್ ಈಗ ನಮ್ಮ ತಾರಸಿಯಲ್ಲಿ ಬೋರಲು ಮಲಗಿದೆ. ಬಿಳಿ ಬೆನ್ನಿನ ಮೇಲೆ ಅಮ್ಮ ಸಂಡಿಗೆ ಇಟ್ಟಿದ್ದಾಳೆ. ಮುಂದಿನ ಸಲ ಇನ್ನೊಂದಡಿ ಉದ್ದ ಮಾಡಿಸು ಅಂದಳು.