ಸಿಂಗಾಪುರದಲ್ಲಿ ಪುಟ್ಟನ ಜೊತೆ 28 ದಿನ

ಕಳೆದ ಬೇಸಿಗೆ ರಜೆಯಲ್ಲಿ ನಾನು, ಅಮ್ಮ ಮತ್ತು ನನ್ನ ತಮ್ಮ ಪುಟ್ಟ ಸಿಂಗಾಪುರಕ್ಕೆ ಹೋಗಿದ್ದೆವು. ಊರು ನೋಡಲು ಹೋದದ್ದಲ್ಲ. ಅಲ್ಲಿರುವ ಅಮ್ಮನ ತಂಗಿಗೆ, ಅಂದರೆ ನನ್ನ ಚಿಕ್ಕಮ್ಮನಿಗೆ ಹೆರಿಗೆಯಾಗುವುದಿತ್ತು. ಬಾಣಂತನಕ್ಕೆ ಅಜ್ಜಿ ಹೋಗಬೇಕಿತ್ತು, ಆದರೆ ಅವರಿಗೆ ಮಂಡಿನೋವು. ಆದ್ದರಿಂದ ಅಮ್ಮ ಹೊರಟರು. ಎರಡೂವರೆ ವರ್ಷದ ಪುಟ್ಟ ಅಮ್ಮನನ್ನು ಬಿಟ್ಟು ಇರುವುದಿಲ್ಲ. ಅಮ್ಮ ಬಾಣಂತಿಯನ್ನು ನೋಡಿಕೊಂಡರೆ ಪುಟ್ಟನನ್ನು ನೋಡಿಕೊಳ್ಳುವವರು ಯಾರು? ಅದಕ್ಕೆ ನಾನು! ಚಿಕ್ಕಪ್ಪ ಮೂವರಿಗೂ ಟಿಕೆಟ್ ಕಳಿಸಿದರು.

ಊರಿನಲ್ಲಿ ಎಲ್ಲರೂ ಒಂದೊಂದು ಮಾತು ಹೇಳಿದರು. "ಎಳೆಕೂಸು ಎತ್ಕೊಂಡು ಸಮುದ್ರ ದಾಟ್ತೀರಾ?" ಅಂದರು ಪಕ್ಕದ ಮನೆಯವರು. ತಾತ ಮಾತ್ರ ದುಡ್ಡಿನ ಲೆಕ್ಕ ಹಾಕಿದರು. ಎರಡು ವರ್ಷ ತುಂಬಿದ ಮಗುವಿಗೆ ವಿಮಾನದಲ್ಲಿ ಬೇರೆ ಸೀಟೇ ತಗೋಬೇಕು. ಎಷ್ಟು ಚಿಕ್ಕ ಮಗುವಾದರೂ ಅದಕ್ಕೆ ಬೇರೆ ಪಾಸ್‌ಪೋರ್ಟ್ ಬೇಕು. "ಅಷ್ಟು ದುಡ್ಡು ಹಾಕಿ ಕರ್ಕೊಂಡೋದ್ರೆ ಅವ್ನಿಗೆ ಏನ್ ನೆನಪಿರ್ತದೆ?" ಅಂದರು ತಾತ. ಆ ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಬೆಂಗಳೂರಿನಿಂದ ಸುಮಾರು ನಾಲ್ಕೂವರೆ ಗಂಟೆ ಪ್ರಯಾಣ. ವಿಮಾನ ಏರುವಾಗಲೂ ಇಳಿಯುವಾಗಲೂ ಪುಟ್ಟ ಕಿವಿ ಹಿಡಿದುಕೊಂಡು ಅತ್ತನು. ಅಮ್ಮ ಗುಟುಕು ಗುಟುಕಾಗಿ ನೀರು ಕುಡಿಸಿದರು. ನುಂಗಿದಾಗ ಕಿವಿಯ ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸಮವಾಗುತ್ತದೆ, ಆಗ ನೋವು ಕಡಿಮೆಯಾಗುತ್ತದೆ. ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ನಾವು ಗಡಿಯಾರ ತಿರುಗಿಸಿಕೊಂಡೆವು. ಪುಟ್ಟನ ಹೊಟ್ಟೆ ಮಾತ್ರ ಒಂದು ವಾರದವರೆಗೂ ಬೈರಾಪಟ್ಟಣದ ಗಂಟೆಗೇ ಊಟ ಕೇಳುತ್ತಿತ್ತು.

ಸಿಂಗಾಪುರ ಒಂದು ದೇಶ, ಆದರೆ ನಮ್ಮ ಜಿಲ್ಲೆಗಿಂತಲೂ ಚಿಕ್ಕದು. 1965ರ ಆಗಸ್ಟ್ 9ರಂದು ಅದು ಸ್ವತಂತ್ರ ದೇಶವಾಯಿತು. ಅಲ್ಲಿನ ಹೆಚ್ಚಿನ ಜನ ಸರ್ಕಾರ ಕಟ್ಟಿಸಿದ ಎತ್ತರದ ಕಟ್ಟಡಗಳಲ್ಲಿ ಇರುತ್ತಾರೆ. ಚಿಕ್ಕಮ್ಮನ ಮನೆ 11ನೇ ಮಹಡಿಯಲ್ಲಿ. ಕಟ್ಟಡದ ಕೆಳಗೆ ಮನೆಗಳಿಲ್ಲ, ಕಂಬಗಳ ನಡುವೆ ಖಾಲಿ ಜಾಗ. ನಮ್ಮೂರಿನ ಅರಳಿಕಟ್ಟೆ ಹಾಗೆ ಮುದುಕರು ಅಲ್ಲಿ ಕುಳಿತಿರುತ್ತಾರೆ, ಮಕ್ಕಳು ಆಡುತ್ತಾರೆ.

ಮೊದಲ ದಿನ ಪುಟ್ಟನನ್ನು ಕರೆದುಕೊಂಡು ನಾನೊಬ್ಬಳೇ ಕೆಳಗೆ ಇಳಿದಾಗ ಕೈಕಾಲು ನಡುಗಿತು. ನಮ್ಮ ಅಪ್ಪ ನನ್ನನ್ನು ಚನ್ನಪಟ್ಟಣದ ಸಂತೆಗೂ ಒಬ್ಬಳನ್ನೇ ಕಳಿಸಿದವರಲ್ಲ. ಫೋನಿನಲ್ಲಿ ದಿನಾ ಒಂದೇ ಮಾತು: "ಅವ್ನ ಕೈ ಬಿಡ್ಬೇಡ ಕಣವ್ವ." ನನಗೆ ಬರುವ ಇಂಗ್ಲಿಷ್ ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ನಾಲ್ಕು ಆಡಳಿತ ಭಾಷೆಗಳು: ಇಂಗ್ಲಿಷ್, ಮಲಯ, ಚೀನಿ ಮತ್ತು ತಮಿಳು. ಕನ್ನಡ ಇಲ್ಲ.

ಆದರೆ ಪುಟ್ಟನಿಗೆ ಭಾಷೆಯೇ ಬೇಕಾಗಲಿಲ್ಲ. ಅವನ ಜೇಬಿನಲ್ಲಿ ಚನ್ನಪಟ್ಟಣದ ಮರದ ಬುಗುರಿ ಇತ್ತು, ಹಾಲೆ ಮರದ್ದು, ಅರಗಿನ ಬಣ್ಣದ್ದು. ಅದನ್ನು ನುಣುಪು ನೆಲದ ಮೇಲೆ ಬಿಟ್ಟ ಕೂಡಲೇ ಒಬ್ಬರು ಮಲಯ ತಾತ ಎದ್ದು ಬಂದರು. ಬುಗುರಿ ತೋರಿಸಿ "ಗಾಸಿಂಗ್, ಗಾಸಿಂಗ್" ಅಂದರು. ಅವರ ಭಾಷೆಯಲ್ಲಿ ಬುಗುರಿಗೆ ಹಾಗೆ ಹೇಳುತ್ತಾರೆ. ಮಾರನೆ ದಿನದಿಂದ ಆ ತಾತ ನಮಗಾಗಿ ಕಾಯುತ್ತಿದ್ದರು. ನಾನೊಬ್ಬಳೇ ಹೋಗಿದ್ದರೆ ನನ್ನನ್ನು ಯಾರು ಮಾತಾಡಿಸುತ್ತಿದ್ದರು?

ಭಾನುವಾರ ಚಿಕ್ಕಪ್ಪ ನಮ್ಮನ್ನು ಸೆರಂಗೂನ್ ರಸ್ತೆಗೆ ಕರೆದುಕೊಂಡು ಹೋದರು. ಅಲ್ಲಿ ಮಲ್ಲಿಗೆ ಹಾರ, ಬಾಳೆ ಎಲೆ, ರಾಗಿ ಹಿಟ್ಟು ಎಲ್ಲಾ ಇತ್ತು. ಪುಟ್ಟ "ಹೂ, ಹೂ" ಅಂದ. ಹೂ ಮಾರುವ ಅಮ್ಮ ನಗುತ್ತಾ "ಪೂ" ಅಂದರು. ನಮ್ಮ ಹಾಲು ತಮಿಳಿನಲ್ಲಿ ಪಾಲು, ನಮ್ಮ ಹುಲಿ ಅವರ ಪುಲಿ. ಅಷ್ಟು ದೂರ ಹೋದ ಮೇಲೆ ನನಗೆ ಇದು ಗೊತ್ತಾಯಿತು.

ಅಲ್ಲಿನ ರೈಲಿನಲ್ಲಿ ಏನೂ ತಿನ್ನಬಾರದು, ನೀರೂ ಕುಡಿಯಬಾರದು. ದಂಡ 500 ಡಾಲರ್‌ವರೆಗೆ! ಪುಟ್ಟ ಬಿಸ್ಕತ್ತಿಗೆ ಹಟ ಹಿಡಿದಾಗ ನಾನು ಕಿಟಕಿ ತೋರಿಸಿ, ಬುಗುರಿ ತೋರಿಸಿ, ಕಥೆ ಹೇಳಿ ಸುಸ್ತಾದೆ. ಸಸ್ಯೋದ್ಯಾನದಲ್ಲಿ ಮಾತ್ರ ನಮಗೇ ಮರ್ಯಾದೆ. ಅದು 1859ರಲ್ಲಿ ಶುರುವಾದ ತೋಟ, 2015ರಲ್ಲಿ ವಿಶ್ವ ಪರಂಪರೆ ತಾಣವಾಯಿತು. ಅದರೊಳಗೆ ಜೇಕಬ್ ಬಲ್ಲಾಸ್ ಮಕ್ಕಳ ತೋಟ ಇದೆ. ಜೊತೆಯಲ್ಲಿ ಮಕ್ಕಳಿಲ್ಲದಿದ್ದರೆ ದೊಡ್ಡವರನ್ನು ಒಳಗೆ ಬಿಡುವುದಿಲ್ಲ. "ನಿಮ್ಮಿಂದ ನಾನು ಒಳಗೆ ಬಂದೆ" ಎಂದು ಚಿಕ್ಕಪ್ಪ ನಕ್ಕರು.

ನನಗೆ ತುಂಬಾ ಹಿಡಿಸಿದ್ದು ದೊಡ್ಡ ಕಟ್ಟಡಗಳಲ್ಲ. ಪುಟ್ಟನನ್ನು ಮಗುವಿನ ತಳ್ಳುಗಾಡಿಯಲ್ಲಿ ಕೂರಿಸಿ ಎಲ್ಲಿಗೆ ಹೋದರೂ ಇಳಿಜಾರು ಇತ್ತು, ಲಿಫ್ಟ್ ಇತ್ತು. 2017ರಿಂದ ಬಸ್ಸಿಗೂ ಗಾಡಿ ಮಡಚದೆ ಹತ್ತಿಸಬಹುದು. ಕೆಲವು ಕಡೆ ರಸ್ತೆ ದಾಟುವಲ್ಲಿ ವಯಸ್ಸಾದವರು ತಮ್ಮ ಕಾರ್ಡನ್ನು ಕಂಬಕ್ಕೆ ಮುಟ್ಟಿಸಿದರೆ ಹಸಿರು ದೀಪ ಇನ್ನೂ ಕೆಲವು ಸೆಕೆಂಡು ಉರಿಯುತ್ತದೆ. ಅದನ್ನು ನೋಡಿ ನನಗೆ ಅಜ್ಜಿಯ ನೆನಪಾಗಿ ಅಳು ಬಂತು. ಅಜ್ಜಿ ನಮ್ಮೂರಿಗೆ ಬರುವಾಗ ಇಬ್ಬರು ಹಿಡಿದು ಬಸ್ಸು ಹತ್ತಿಸಬೇಕು. ಎಳೆ ಮಗುವಿಗೆ ಅನುಕೂಲವಾದ ಊರು ಅಜ್ಜಿಗೂ ಅನುಕೂಲ.

ಚಿಕ್ಕಮ್ಮನಿಗೆ ಹೆಣ್ಣು ಮಗು ಆಯಿತು. ಅಮ್ಮ ಮಾಡಿದ ಮೆಣಸು ಬೆಳ್ಳುಳ್ಳಿ ಸಾರು ಉಂಡು ಚಿಕ್ಕಮ್ಮ ಕಣ್ಣು ಒರೆಸಿಕೊಂಡರು. "ಖಾರ ಕಣೇ" ಅಂದರು. ಖಾರಕ್ಕಲ್ಲ ಅಂತ ನಮಗೆ ಗೊತ್ತಿತ್ತು. ಅಷ್ಟು ಜನರಿರುವ ಊರಿನಲ್ಲಿ ಅವರಿಗೆ ತಮ್ಮವರು ಅಂತ ಯಾರೂ ಇರಲಿಲ್ಲ.

ಈಗ ಪುಟ್ಟನನ್ನು "ಸಿಂಗಾಪುರದಲ್ಲಿ ಏನ್ ನೋಡ್ದೆ?" ಅಂದರೆ "ಲಿಫ್ಟು" ಅನ್ನುತ್ತಾನೆ. ಸ್ವಲ್ಪ ದಿನಕ್ಕೆ ಅದೂ ಮರೆತು ಹೋಗುತ್ತದೆ. ತಾತ ಹೇಳಿದ್ದು ನಿಜ. ಆದರೆ ಅವನ ಸಣ್ಣ ಹೆಜ್ಜೆಗೆ ತಕ್ಕಂತೆ ನಿಧಾನವಾಗಿ ನಡೆದದ್ದರಿಂದ ನಾನು ಇಷ್ಟೆಲ್ಲಾ ನೋಡಿದೆ. ಅವನ ಪಾಲಿನದನ್ನೂ ನಾನೇ ನೆನಪಿಟ್ಟುಕೊಂಡಿದ್ದೇನೆ. ಅವನು ನಮ್ಮ ಶಾಲೆಗೆ ಸೇರಿದ ಮೇಲೆ ಓದಲಿ ಅಂತ ಇದನ್ನು ನೋಟ್‌ಬುಕ್ಕಿನಲ್ಲೂ ಬರೆದಿಟ್ಟಿದ್ದೇನೆ.

ಗೆಳೆಯರೇ, ಇಳಿಜಾರು, ಲಿಫ್ಟು ಮಾಡಿಸುವುದು ನಮ್ಮ ಕೈಯಲ್ಲಿಲ್ಲ. ಬಸ್ಸು ಬಂದಾಗ ನುಗ್ಗದೆ, ಮಗು ಎತ್ತಿಕೊಂಡವರಿಗೂ ಮುದುಕರಿಗೂ ಕೈ ಕೊಟ್ಟು ಮೊದಲು ಹತ್ತಿಸುವುದು ನಮ್ಮ ಕೈಯಲ್ಲಿದೆ.

ಮುಂದಿನ ಬೇಸಿಗೆಗೆ ಚಿಕ್ಕಮ್ಮ ಪಾಪು ಜೊತೆ ಇಲ್ಲಿಗೆ ಬರುತ್ತಾರೆ. ಆ ಪಾಪುಗೆ ನಮ್ಮ ಬೈರಾಪಟ್ಟಣವೇ ಪರದೇಶ. ಅವಳಿಗೂ ಏನೂ ನೆನಪಿರುವುದಿಲ್ಲ. ಆದರೂ ನಾನು ಅವಳನ್ನು ಎತ್ತಿಕೊಂಡು, ನಿಧಾನವಾಗಿ, ಊರೆಲ್ಲಾ ತೋರಿಸುತ್ತೇನೆ.

— 7ನೇ ತರಗತಿ ವಿದ್ಯಾರ್ಥಿನಿ