ಅರಮನೆಯೊಳಗಿನ ಪಾಠಶಾಲೆ

ಲಾಟ್ವಿಯಾ ದೇಶದ ದಕ್ಷಿಣಭಾಗದಲ್ಲಿ ಪಿಲ್ಸ್‌ರುಂಡಾಲೆಯೆಂಬ ಹಳ್ಳಿಯೊಂದುಂಟು. ‘ಪಿಲ್ಸ್’ ಎಂದರೆ ಕೋಟೆ, ಅರಮನೆ. ಸಂಸ್ಕೃತದ ‘ಪುರ’ ಶಬ್ದಕ್ಕೆ ಅದು ಜ್ಞಾತಿ. ಈ ನಂಟಿನಿಂದಲೇ ಆ ಊರಿನ ಕಥೆ ನನ್ನನ್ನು ಸೆಳೆಯಿತು.

ಮುಂದೆ ಕೂರ್ಲೆಂಡಿನ ಡ್ಯೂಕನಾದ ಬಿರೋನನಿಗಾಗಿ ರಾಸ್ಟ್ರೆಲ್ಲಿಯೆಂಬ ಶಿಲ್ಪಿಯು 1736ರಲ್ಲಿ ಅಲ್ಲಿಯ ಅರಮನೆಯನ್ನು ಕಟ್ಟತೊಡಗಿದನು, ಕೊಠಡಿಗಳು 138. ಕಾಲಚಕ್ರ ತಿರುಗಿತು. 20ನೆಯ ಶತಮಾನದಲ್ಲಿ ಅದೇ ಅರಮನೆ ಪಾಠಶಾಲೆಯೂ ಕಣಜವೂ ಆಯಿತು. ಡ್ಯೂಕನ ಭೋಜನಶಾಲೆಯಲ್ಲಿ ಮಕ್ಕಳು ಅಂಗಸಾಧನೆ ಮಾಡಿದರು. 1972ರಲ್ಲಿ ವಸ್ತುಸಂಗ್ರಹಾಲಯ ಸ್ಥಾಪಿತವಾಯಿತು. 1978ರಲ್ಲಿ ಶಾಲೆ ಹೊರಟಿತು. 2014ರಲ್ಲಿ ಜೀರ್ಣೋದ್ಧಾರ ಮುಗಿಯಿತು.

ಹಳೆಯ ಹೊಂಬಣ್ಣ ಮರಳಿದುದು ಸಂತೋಷವೇ. ಆದರೂ ಸೋರುವ ಮಾಡಿನಡಿಯಲ್ಲಿ ಬಹುಕಾಲ ಪಾಠ ಹೇಳಿದ ನನಗೆ, ಪ್ರಭುವಿನ ಮನೆಯಲ್ಲಿ ಹಳ್ಳಿಯ ಮಕ್ಕಳು ಅಕ್ಷರ ಕಲಿತ ಆ ದಿನಗಳು ಅರಮನೆಯ ದುರ್ದಶೆಯೆಂದು ತೋರದು. ಬಣ್ಣ ಮಾಸಿದ್ದಿರಬಹುದು, ಮನೆ ಮಾತ್ರ ಬರಿದಾಗಿರಲಿಲ್ಲ.