ಮೂರನೆಯ ಹಲಗೆ

ಕೋರ್ಟಿಗೆ ಎಳೆಯುತ್ತೇನೆಂದು ಹೆದರಿಸುವವರಲ್ಲಿ ಎಷ್ಟು ಬಗೆ ಎಂಬುದು ತಿಳಿಯಬೇಕಾದರೆ ದೋಣಿವಿಹಾರದ ಟಿಕೆಟ್ ಕಿಂಡಿಯಲ್ಲಿ ಒಂದು ವರ್ಷ ಕುಳಿತು ನೋಡಬೇಕು. ನಾನು ಕುಳಿತಿದ್ದೇನೆ. ೨೦೧೪ರಲ್ಲಿ ಬ್ಯಾಂಕಿನಿಂದ ನಿವೃತ್ತನಾಗಿ, ಒಂದೇ ಪತ್ರಿಕೆಯನ್ನು ಮೂರು ಸಲ ಓದುತ್ತ ಹೆಂಡತಿಯ ಕೆಲಸಕ್ಕೆ ಅಡ್ಡಿಯಾಗಿದ್ದ ಕಾಲ. ಮಲೆನಾಡಿನ ಒಂದು ಕೆರೆಯಲ್ಲಿ ದೋಣಿ ಬಿಡುವ ಗುತ್ತಿಗೆ ಹಿಡಿದಿದ್ದ ಭಾವನವರು, “ಸುಮ್ಮನೆ ಕೂತು ಏನು ಮಾಡ್ತೀಯೋ ಮಾರಾಯ? ಬಾ, ಲೆಕ್ಕ ನೋಡಿಕೋ” ಎಂದು ಕರೆದರು. ಹೋದೆ. ಊರಿನ ಹೆಸರು ಬೇಡ. ಕೆರೆಯ ಹೆಸರೂ ಬೇಡ.

ಹೋದ ಮೊದಲ ವಾರದಲ್ಲಿಯೇ ನಾನು ಒಂದು ಬೋರ್ಡು ಬರೆಸಿದೆ: ‘ದೋಣಿ ಹತ್ತುವವರು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಹತ್ತತಕ್ಕದ್ದು. ಯಾವುದೇ ಅಪಘಾತಕ್ಕೆ ಆಡಳಿತವು ಹೊಣೆಯಲ್ಲ.’ ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕಾಗದ ಬರೆದ ಕೈ. ಆ ‘ತಕ್ಕದ್ದು’ವಿನಲ್ಲಿ ಇಡೀ ಕೆರೆಯನ್ನೇ ಕಟ್ಟಿ ಹಾಕಿದೆನೆಂಬ ಹೆಮ್ಮೆ ನನಗೆ.

ಬೋರ್ಡನ್ನು ಯಾರೂ ಓದುತ್ತಿರಲಿಲ್ಲ. ಬೀಳುವವರು ಬೀಳುತ್ತಲೇ ಇದ್ದರು. ಮೊಬೈಲಿನಲ್ಲಿ ಚಿತ್ರ ತೆಗೆಯಲು ಎದ್ದು ನಿಂತ ತರುಣನೊಬ್ಬ ನೀರಿಗೆ ಬಿದ್ದು, ಮೇಲೆ ಬಂದೊಡನೆ ಮೊಬೈಲಿನ ಬೆಲೆಗೆ ದಾವೆ ಹೂಡುವೆನೆಂದ. ದೋಣಿಯ ಅಂಚಿಗೂ ಕಟ್ಟೆಗೂ ನಡುವೆ ಬೆರಳು ಸಿಕ್ಕಿಸಿಕೊಂಡ ಮಹನೀಯರೊಬ್ಬರು ತಮ್ಮ ಷಡ್ಡಕ ಹೈಕೋರ್ಟಿನ ವಕೀಲನೆಂದರು. ನಮ್ಮ ದೇಶದಲ್ಲಿ ಪ್ರತಿಯೊಬ್ಬನಿಗೂ ಒಬ್ಬ ವಕೀಲ ನೆಂಟನಿದ್ದಾನೆ. ಬೆರಳು ನೋಯುವಾಗ ಮಾತ್ರ ಅವನ ನೆನಪಾಗುತ್ತದೆ. ಒಂದು ಲೋಟ ಕಾಫಿ, ಒಂದು ತುಂಡು ಬ್ಯಾಂಡೇಜು, ಎರಡು ಒಳ್ಳೆಯ ಮಾತು. ಇಷ್ಟರಿಂದ ಹತ್ತರಲ್ಲಿ ಒಂಬತ್ತು ದಾವೆಗಳು ಅಲ್ಲೇ ಇತ್ಯರ್ಥವಾಗುತ್ತಿದ್ದವು.

ದೋಣಿ ಹತ್ತುವುದರಲ್ಲಿ ಒಂದು ಸೂಕ್ಷ್ಮವಿದೆ. ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ದೋಣಿಯಲ್ಲಿ ಇಟ್ಟಾಗ ನಮಗೆ ಗೊತ್ತಿಲ್ಲದೆಯೇ ನಾವು ದೋಣಿಯನ್ನು ಆಚೆಗೆ ತಳ್ಳುತ್ತೇವೆ. ಹಗ್ಗ ಒಂದೇ ತುದಿಗೆ ಕಟ್ಟಿದ್ದರೆ ದೋಣಿ ಸರಿಯುತ್ತದೆ, ಕಾಲುಗಳ ನಡುವೆ ನೀರು ಬಾಯಿ ತೆರೆಯುತ್ತದೆ. ಎರಡು ತುದಿಗೂ ಹಗ್ಗ ಬಿಗಿದು, ಒಬ್ಬ ಆಳು ಹಿಡಿದುಕೊಂಡು, ಹತ್ತುವವರು ದೋಣಿಯ ನಡುಮಧ್ಯಕ್ಕೆ ಕಾಲಿಟ್ಟು ತಕ್ಷಣ ಕುಳಿತರೆ ಅಪಾಯವಿಲ್ಲ. ಬೇಸಿಗೆಯಲ್ಲಿ ನೀರು ಇಳಿದಂತೆ ಮೆಟ್ಟಿಲು ಎತ್ತರವಾಗುತ್ತದೆ. ಮಳೆಗಾಲದಲ್ಲಿ ಹಲಗೆ ಪಾಚಿಗಟ್ಟುತ್ತದೆ. ಇದನ್ನೆಲ್ಲ ನಮ್ಮ ಮುದುಕ ಅಂಬಿಗ ನನಗೆ ಹೇಳಿಕೊಟ್ಟಿದ್ದ. ಆತ ಹೇಳಿದ್ದನ್ನು ನಾನು ದಿನಚರಿ ಪುಸ್ತಕದಲ್ಲಿ ಬರೆದೂ ಇಡುತ್ತಿದ್ದೆ. ಬರೆದಿಡುವುದು ನನ್ನ ಕಸುಬು. ಮಾಡುವುದು ಬೇರೆಯವರದೆಂದು ಭಾವಿಸಿದ್ದೆ.

೨೦೧೫ರ ಆಗಸ್ಟಿನ ಒಂದು ಭಾನುವಾರ. ನಿವೃತ್ತ ಉಪಾಧ್ಯಾಯಿನಿಯೊಬ್ಬರು ಮಗ, ಸೊಸೆ, ಮೊಮ್ಮಗಳೊಡನೆ ಬಂದಿದ್ದರು. ಅಂದು ಜನ ಜಾತ್ರೆಯಂತೆ. ಅಂಬಿಗ ಇನ್ನೊಂದು ದೋಣಿಯ ಬಳಿ ಇದ್ದ. ಮೊಮ್ಮಗಳನ್ನು ಇಳಿಸಿ, ತಾವು ಕಾಲೆತ್ತಿ ಇಡುವಷ್ಟರಲ್ಲಿ ಆಕೆ ಜಾರಿದರು. ಬಲಗೈ ಕೆಳಗೆ ಸಿಕ್ಕಿತು. ಮಣಿಕಟ್ಟಿನ ಮೂಳೆ ಮುರಿದ ಸದ್ದು ನನ್ನ ಕಿಂಡಿಗೆ ಕೇಳಿಸಿತೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ಕೇಳಿಸಿದಂತೆಯೇ ನನಗೆ ಇಂದಿಗೂ ನೆನಪು.

ಆಕೆ ಕೂಗಲಿಲ್ಲ. ಕೂಗಿದವನು ಮಗ. ನಾನು ಓಡಿಹೋಗಿ “ತಪ್ಪಾಯಿತು ತಾಯಿ” ಎನ್ನಲು ಬಾಯಿ ತೆರೆದಿದ್ದೆ. ಭಾವನವರು ತೋಳು ಹಿಡಿದು ಜಗ್ಗಿದರು. “ಏನೂ ಒಪ್ಪಿಕೊಳ್ಳಬೇಡ. ತಪ್ಪಾಯಿತು ಅಂದರೆ ಮುಗಿಯಿತು, ನಾಳೆ ಅದೇ ಸಾಕ್ಷಿ.” ನಾನು ಬಾಯಿ ಮುಚ್ಚಿದೆ. ಹೋಗಿ ಬೋರ್ಡಿನ ಕಡೆಗೆ ಕೈ ತೋರಿಸಿದೆ. ನೋವಿನಿಂದ ಮುಖ ಬಿಳಿಚಿಕೊಂಡಿದ್ದ ಆಕೆ ಬೋರ್ಡನ್ನು ಪೂರ್ತಿ ಓದಿದರು. ನಾನು ಕಂಡಂತೆ ಅದನ್ನು ಓದಿದವರು ಅವರೊಬ್ಬರೇ.

ಹನ್ನೆರಡನೆಯ ದಿನ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಬಂತು. ನಾವಿಬ್ಬರೂ ಪೇಟೆಯ ಹಿರಿಯ ವಕೀಲರೊಬ್ಬರಲ್ಲಿಗೆ ಹೋದೆವು. ನಾನು ಹೆಮ್ಮೆಯಿಂದ ಬೋರ್ಡಿನ ವಾಕ್ಯವನ್ನು ಬಾಯಿಪಾಠ ಒಪ್ಪಿಸಿದೆ. ಅವರು ನಕ್ಕರು. “ಬೋರ್ಡು ಇರಲಿ ಸ್ವಾಮಿ, ಹಲಗೆ ಹೇಗಿತ್ತು?”

ದುಡ್ಡು ಕೊಟ್ಟು ಟಿಕೆಟ್ ಪಡೆದವರು ೧೯೮೬ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕರು. ಎರಡು ವರ್ಷದೊಳಗೆ ತಾವೇ ದೂರು ಕೊಡಬಹುದು, ವಕೀಲನೂ ಬೇಕಾಗಿಲ್ಲ. ನಮ್ಮ ಅಜಾಗರೂಕತೆಯನ್ನು ನಾವೇ ಬರೆಸಿದ ಬೋರ್ಡು ತೊಳೆಯಲಾರದು ಎಂದು ಅವರು ವಿವರಿಸಿದರು. (ಆ ಕಾಯಿದೆಯ ಜಾಗದಲ್ಲಿ ೨೦೧೯ರ ಕಾಯಿದೆ ಬಂದು, ೨೦೨೦ರ ಜುಲೈಯಿಂದ ಜಾರಿಯಲ್ಲಿದೆ, ಈ ಹಕ್ಕುಗಳು ಅದರಲ್ಲಿಯೂ ಇವೆ.) “೨೦೦೯ರ ತೇಕ್ಕಡಿ ನೆನಪಿದೆಯೆ? ಪ್ರಾಣಿಗಳನ್ನು ನೋಡಲು ಜನ ಒಂದೇ ಪಕ್ಕಕ್ಕೆ ಬಂದರು, ದೋಣಿ ಮಗುಚಿತು, ೪೫ ಜನ ಸತ್ತರು. ನಿಮ್ಮದು ಮಣಿಕಟ್ಟಿನಲ್ಲಿ ಮುಗಿದಿದೆ, ಪುಣ್ಯ. ದಿನಚರಿ ಏನಾದರೂ ಇಟ್ಟಿದ್ದೀರಾ?”

ಇಟ್ಟಿದ್ದೆ. ಆ ರಾತ್ರಿ ತೆರೆದು ನೋಡಿದೆವು. ಆಕೆ ಬಿದ್ದ ದಿನಕ್ಕೆ ಎಂಟು ದಿನ ಮೊದಲು, ನನ್ನದೇ ದುಂಡು ಅಕ್ಷರದಲ್ಲಿ: ‘ಮೂರನೆಯ ಹಲಗೆ ಪಾಚಿ ಕಟ್ಟಿದೆ, ಮೊಳೆ ಸಡಿಲ. ಬಡಗಿಗೆ ಹೇಳಬೇಕು.’ ಹೇಳಿರಲಿಲ್ಲ. ಭಾವನವರು ಬಹಳ ಹೊತ್ತು ಪುಟವನ್ನೇ ನೋಡಿ, ಕೊನೆಗೆ, “ಮಳೆಗಾಲ ನೋಡು, ಪುಸ್ತಕ ಒದ್ದೆಯಾಗಿ ಹಾಳಾಯಿತು ಅಂದರೆ ಯಾರು ಕೇಳ್ತಾರೆ?” ಎಂದರು. ಅವರು ಕೆಟ್ಟವರಲ್ಲ. ದೋಣಿಗಳಿಗಾಗಿ ಅಕ್ಕನ ಒಡವೆ ಅಡವಿಟ್ಟಿದ್ದರು. ಪುಟ ಹರಿದರೆ ಅವರ ಸಂಸಾರ ಉಳಿದೀತು. ನನ್ನ ಹೆಸರೂ ಉಳಿದೀತು. ನಿಜ ಹೇಳುತ್ತೇನೆ, ಆ ರಾತ್ರಿ ನಾನು ಪುಟದ ಅಂಚನ್ನು ಎರಡು ಸಲ ಮುಟ್ಟಿದೆ. “ಭಾವ, ಹರಿಯುವುದು ನನ್ನಿಂದಾಗದು” ಎಂದು ಹೇಳುವಷ್ಟರಲ್ಲಿ ಬೆಳಗಾಗಿತ್ತು.

ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಇಬ್ಬರೂ ಆಕೆಯ ಮನೆಗೆ ಹೋದೆವು. ಮಗ ಬಾಗಿಲಲ್ಲೇ ನಿಲ್ಲಿಸಿದ. ಆಕೆ ಒಳಗೆ ಕರೆದರು. ನಾನು ಪುಟ ತೆರೆದು ಮುಂದಿಟ್ಟೆ. ಕನ್ನಡಕ ಏರಿಸಿಕೊಂಡು ಓದಿ ಆಕೆ ಹೇಳಿದ್ದು ಇಷ್ಟೆ: “ಬಿದ್ದ ದಿನ ನೀವು ಬೋರ್ಡು ತೋರಿಸಿದಿರಿ. ಇದನ್ನು ತೋರಿಸಿದ್ದರೆ ನೋಟೀಸು ಕಳಿಸಲು ನಾನೇ ಬಿಡುತ್ತಿರಲಿಲ್ಲ.”

ಆಸ್ಪತ್ರೆಯ ಖರ್ಚನ್ನೂ ಅದರ ಮೇಲೊಂದಿಷ್ಟನ್ನೂ ಭಾವನವರು ಮೂರು ಕಂತಿನಲ್ಲಿ ಕೊಟ್ಟರು. ಮಗ ಕೊನೆಯವರೆಗೂ ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ, ಆಡಬೇಕೆಂದೇನೂ ಇಲ್ಲ. ಆಕೆಯ ಮಣಿಕಟ್ಟು ಮಾತ್ರ ಪೂರ್ತಿ ತಿರುಗಲಿಲ್ಲ. ಮರುವರ್ಷ ಹೋದಾಗ ಅಂಗಳದಲ್ಲಿ ಮೊಮ್ಮಗಳು ರಂಗೋಲಿ ಇಡುತ್ತಿದ್ದಳು. ಆಕೆ ಬಾಯಲ್ಲಿ ಚುಕ್ಕಿಯ ಲೆಕ್ಕ ಹೇಳಿಕೊಡುತ್ತಿದ್ದರು.

ಬಡಗಿ ಬಂದು ಮೂರನೆಯ ಹಲಗೆಯನ್ನು ಬದಲಿಸಿದ್ದು ಅರ್ಧ ದಿನದ ಕೆಲಸ. ಕೂಲಿ, ಮರ, ಮೊಳೆ ಎಲ್ಲ ಸೇರಿ ವಕೀಲರ ಫೀಜಿನ ಕಾಲು ಭಾಗವೂ ಆಗಲಿಲ್ಲ. ೨೦೨೪ರ ಜನವರಿ ೧೮ರಂದು ವಡೋದರಾದ ಹರಣಿ ಕೆರೆಯಲ್ಲಿ ದೋಣಿ ಮಗುಚಿ ಶಾಲೆಯ ೧೨ ಮಕ್ಕಳೂ ೨ ಉಪಾಧ್ಯಾಯಿನಿಯರೂ ತೀರಿಕೊಂಡ ಸುದ್ದಿ ಬಂದ ದಿನ ಪತ್ರಿಕೆ ಮಡಿಸಿಟ್ಟು ಬಹಳ ಹೊತ್ತು ಕುಳಿತಿದ್ದೆ. ಅಲ್ಲಿ ಏನೇನಾಯಿತೆಂದು ವಿಚಾರಿಸಲು ನ್ಯಾಯಾಲಯಗಳಿವೆ. ನನಗೆ ಕಣ್ಣೆದುರು ಬಂದದ್ದು ನನ್ನದೇ ದುಂಡು ಅಕ್ಷರ: ‘ಬಡಗಿಗೆ ಹೇಳಬೇಕು.’